ಅಪ್ಪನ ಡಯಾಲಿಸಿಸ್, ಮಗಳ ಪಿಯುಸಿ: ನಾವು ಜೊತೆಗಿರುವುದು ಹೇಗೆ?

ನಮ್ಮ ಪಕ್ಕದ ಮನೆಯ ಅಡುಗೆ ಕಟ್ಟೆಯ ಮೇಲೆ ಒಂದು ನೀರಿನ ಬಾಟಲಿ ಇದೆ. ಬೆಳಿಗ್ಗೆ ಅದರಲ್ಲಿ ಗೆರೆಯವರೆಗೆ ನೀರು ತುಂಬುತ್ತಾಳೆ ಆ ಮನೆಯ ಹುಡುಗಿ. ಇಡೀ ದಿನಕ್ಕೆ ಅಪ್ಪನಿಗೆ ಅಷ್ಟೇ. ಕಾಫಿ, ಮಜ್ಜಿಗೆ ಕೊಟ್ಟರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲುತ್ತಾಳೆ. ಅಪ್ಪನ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಅಮ್ಮ ಗಾರ್ಮೆಂಟ್ಸ್ ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಆಸ್ಪತ್ರೆಗೆ ಹೋಗುವವಳು ದ್ವಿತೀಯ ಪಿಯುಸಿಯ ಈ ಹುಡುಗಿಯೇ.

ಇಂಥ ಮಕ್ಕಳು ನಿಮ್ಮ ಬೀದಿಯಲ್ಲೂ ಇರಬಹುದು. ಏನು ಮಾಡಬಹುದು?

ಮೊದಲು, 'ಏನಾದ್ರೂ ಬೇಕಾದ್ರೆ ಹೇಳಮ್ಮ' ಅನ್ನುವುದನ್ನು ಬಿಡಿ. ನಾನೂ ತಿಂಗಳುಗಟ್ಟಲೆ ಹಾಗೇ ಕೇಳಿದೆ. 'ಏನೂ ಬೇಡ ಆಂಟಿ' ಅಂದಳು. ಕೊನೆಗೆ ಒಂದು ದಿನ, 'ಮಂಗಳವಾರ ಅಪ್ಪನ ಜೊತೆ ನಾನು ಹೋಗ್ತೀನಿ, ನೀನು ಕಾಲೇಜಿಗೆ ಹೋಗು' ಅಂದೆ. ಆಗ ಬೇಡ ಅನ್ನಲಿಲ್ಲ. ಒಂದೇ ಕೆಲಸ ಹಿಡಿಯಿರಿ, ಆದರೆ ದಿನ, ಹೊತ್ತು ಗೊತ್ತಿರಲಿ. ಎರಡು ವಾರ ಬಂದು ಮೂರನೇ ವಾರ ಕೈಕೊಡುವುದಾದರೆ ಶುರು ಮಾಡಲೇಬೇಡಿ.

ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತವರ ರಕ್ತದಲ್ಲಿ ಅದು ಉಳಿದುಕೊಂಡು ಹೃದಯದ ಬಡಿತವನ್ನೇ ಕೆಡಿಸಬಹುದು. ಪ್ರೀತಿಯಿಂದ ತಂದದ್ದನ್ನು ದೊಡ್ಡವರ ಮುಂದೆ ಬೇಡ ಅನ್ನುವ ಸಂಕಟ ಪಾಪ ಆ ಮಗುವಿಗೆ ಯಾಕೆ? ಅವಳಿಗೇ ಒಂದು ಡಬ್ಬಿ ಚಿತ್ರಾನ್ನ ಒಯ್ಯಿರಿ.

ಕಾಲೇಜಿನ ವಿಷಯ ಮುಂದೂಡಬೇಡಿ. ಪಿಯುಸಿಗೆ ಶೇ 75 ಹಾಜರಿ ಬೇಕು. ಹಾಜರಿ ಕಡಿಮೆಯಾದ ಮೇಲೆ ಓಡಾಡುವುದಕ್ಕಿಂತ, ಈಗಲೇ ಆಸ್ಪತ್ರೆಯ ಪತ್ರ ಹಿಡಿದು ದೊಡ್ಡವರೊಬ್ಬರು ಪ್ರಾಂಶುಪಾಲರನ್ನು ನೋಡಲಿ.

ಕಾಗದಪತ್ರದ ಓಡಾಟವೂ ನಮ್ಮದೇ ಆಗಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತುಂಬಾ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅಪ್ಪ ಅಥವಾ ಅಮ್ಮನಿಗೆ ಜೀವಕ್ಕೆ ಅಪಾಯದ ಕಾಯಿಲೆ ಇದ್ದರೆ, 18 ವರ್ಷದೊಳಗಿನ ಮಕ್ಕಳಿಗೆ ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಇನ್ನು ಮಾತು. 'ನೀನೇ ಗಟ್ಟಿಯಾಗಿರಬೇಕು' ಅನ್ನಬೇಡಿ. ಹಾಗಂದರೆ ಅವಳು ಅಳುವುದು ಎಲ್ಲಿ? ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಜೊತೆಯಲ್ಲಿ ಕೂತು ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಳಿದ ದಿನ ಅಪ್ಪನ ಆರೋಗ್ಯ ಕೇಳುವ ಮೊದಲು ಅವಳ ಸುದ್ದಿ ಕೇಳಿ. ಮೊನ್ನೆ ಮಂಗಳವಾರ ಸಂಜೆ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಗೆಳತಿ ಪಿಪೆಟ್ ಒಡೆದ ಕಥೆಯನ್ನು ಅರ್ಧ ಗಂಟೆ ಹೇಳಿದಳು. ನಾನು ಸುಮ್ನೆ ಕೇಳಿಸಿಕೊಂಡು ಕೂತಿದ್ದೆ.