ಪ್ರಯೋಗಾಲಯದಲ್ಲಿ ಗೆಳತಿಗೆ ದನಿಯಾಗಿ
ಇಂಜಿನಿಯರಿಂಗ್ ಓದುತ್ತಿರುವ ಗೆಳತಿಯರು ಮೊದಲ ಸೆಮಿಸ್ಟರ್‌ನಲ್ಲೇ ಮೂರು ನಾಲ್ಕು ಮಂದಿಯ ಸಣ್ಣ ಗುಂಪೊಂದನ್ನು ಕಟ್ಟಿಕೊಳ್ಳುವುದು ಒಳಿತು. ಪ್ರಯೋಗಾಲಯದ ತಂಡಗಳಲ್ಲಿ ರೆಕಾರ್ಡ್ ಬರೆಯುವ ಕೆಲಸ ಹುಡುಗಿಯರ ಪಾಲಿಗೂ, ಆಸಿಲೋಸ್ಕೋಪ್ (ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣ), ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಮತ್ತು ಬೆಸುಗೆಯ ಕೆಲಸ ಹುಡುಗರ ಪಾಲಿಗೂ ಹೋಗಿಬಿಡುವುದುಂಟು. ಆದ್ದರಿಂದ ಪ್ರತಿ ಪ್ರಯೋಗದಲ್ಲೂ ಕೆಲಸಗಳು ಸರದಿಯಂತೆ ಬದಲಾಗಬೇಕೆಂದು ಮೊದಲೇ ಬರೆದಿಟ್ಟುಕೊಂಡು, ಯಾರಾದರೂ ಗೆಳತಿಯ ಸರದಿ ತಪ್ಪಿದಾಗ ಉಳಿದವರು ‘ಈ ಬಾರಿ ಅಳತೆ ಮಾಡುವವಳು ಅವಳು’ ಎಂದು ನೇರವಾಗಿ ಹೇಳಬೇಕು. ಅವಳೊಬ್ಬಳೇ ಕೇಳಿಕೊಳ್ಳುವುದಕ್ಕಿಂತ ಇದು ಎಷ್ಟೋ ಸುಲಭ, ಮತ್ತು ಗೆಳೆತನದಿಂದ ಸಿಗುವ ಅತಿ ದೊಡ್ಡ ನೆರವು ಇದೇ ಎಂದು ನಾನು ನಂಬಿದ್ದೇನೆ. ಕಠಿಣ ಪಾಠಗಳನ್ನು ಪರಸ್ಪರ ವಿವರಿಸಿ. 1950ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಸೊಸೈಟಿ ಆಫ್ ವಿಮೆನ್ ಇಂಜಿನಿಯರ್ಸ್‌ನಂತಹ ಸಂಸ್ಥೆಯ ವಿದ್ಯಾರ್ಥಿ ಘಟಕ ಕಾಲೇಜಿನಲ್ಲಿದ್ದರೆ ಎಲ್ಲರೂ ಒಟ್ಟಿಗೇ ಸೇರಿಕೊಳ್ಳಿ. ಇಂಟರ್ನ್‌ಶಿಪ್ ಸಂದರ್ಶನದ ಬಗ್ಗೆ ಕೇಳಲು ಹಿರಿಯ ವಿದ್ಯಾರ್ಥಿನಿಯರು ಅಲ್ಲಿ ಸಿಗುತ್ತಾರೆ.