ಟಿವಿ ಕೊಳ್ಳುವಾಗ ಚಿತ್ರದ ಗುಣಮಟ್ಟ ನೋಡುವುದು ಹೇಗೆ

ಅಂಗಡಿಯಲ್ಲಿ ಟಿವಿಗಳು ಹೆಚ್ಚಾಗಿ ‘ವಿವಿಡ್’ ಮೋಡ್‌ನಲ್ಲೇ ಓಡುತ್ತಿರುತ್ತವೆ. ಆ ಕಣ್ಣು ಕುಕ್ಕುವ ಬಣ್ಣಕ್ಕೆ ಮರುಳಾಗದೆ, ‘ಸಿನಿಮಾ’ ಮೋಡ್‌ಗೆ ಬದಲಿಸಲು ಹೇಳಿ. ಡೆಮೊ ವಿಡಿಯೋದಲ್ಲಿ ಯಾವ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ತುಣುಕುಗಳನ್ನು ಒಯ್ಯಿರಿ.

ಮೊದಲು ರಾತ್ರಿಯ ದೃಶ್ಯ ಹಾಕಿ. ಕಪ್ಪು ಬೂದುಬಣ್ಣಕ್ಕೆ ತಿರುಗಿದರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಕಡಿಮೆ. ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳ ಸುತ್ತ ಮಂಜಿನಂಥ ಬೆಳಕು ಹರಡಿದರೆ, ಪರದೆಯ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟನ್ನು ಸಣ್ಣ ಸಣ್ಣ ವಲಯಗಳಲ್ಲಿ ನಂದಿಸಲು ಆ ಟಿವಿಗೆ ಆಗುತ್ತಿಲ್ಲ ಎಂದರ್ಥ. ಬ್ಯಾಕ್‌ಲೈಟೇ ಇಲ್ಲದ ಓಎಲ್‌ಇಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕಿ) ತಾನೇ ಆರುವುದರಿಂದ ಈ ತೊಂದರೆಯಿಲ್ಲ.

ಮುಖದ ಕ್ಲೋಸಪ್‌ನಲ್ಲಿ ಚರ್ಮ ಮೇಣದಂತೆ ನುಣುಪಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳನ್ನು ಅಳಿಸುವ ಸೌಲಭ್ಯ) ತಗ್ಗಿಸಿ ಮತ್ತೆ ನೋಡಿ. ಪಕ್ಕಕ್ಕೆ ಸರಿದಾಗ ಬಣ್ಣ ಮಂಕಾದರೆ ಅದು ಬಹುಶಃ ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್ (ಪರದೆ). ಐಪಿಎಸ್ ಎಂಬ ಇನ್ನೊಂದು ಬಗೆಯಲ್ಲಿ ಬಣ್ಣ ನಿಲ್ಲುತ್ತದೆ, ಕಪ್ಪು ಮಾತ್ರ ಸೋಲುತ್ತದೆ. ಕಡಿಮೆ ಸ್ಪಷ್ಟತೆಯ 720ಪಿ ವಿಡಿಯೋ ಒಂದನ್ನೂ ಹಾಕಿಸಿ, ಅಂಥ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವ ಅಪ್‌ಸ್ಕೇಲಿಂಗ್ ಎಷ್ಟು ಚೆನ್ನಾಗಿದೆ ಎಂಬುದು ಅಲ್ಲೇ ಬಯಲಾಗುತ್ತದೆ.