ಓದುವವರಿಗೆ ಲಾಕ್ ಬೇಡ, ತಿದ್ದುವವರಿಗೆ ಸಾಕು

ನಮ್ಮ ಲಿನಕ್ಸ್ ಸರ್ವರಿನಲ್ಲಿ ಒಂದು ಜೇಸನ್ ಫೈಲ್ ಇದೆ. ಅದನ್ನು ಓದುವ ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಂಗಳು) ಜಾಸ್ತಿ, ತಿದ್ದುವವು ಕಡಿಮೆ. ಆಗೊಮ್ಮೆ ಈಗೊಮ್ಮೆ ಓದುವವರಿಗೆ ಅರ್ಧ ಫೈಲ್ ಸಿಗುತ್ತಿತ್ತು, ಕೆಲವು ಸಲ ಪೂರ್ತಿ ಖಾಲಿ. ಹಳೆಯದನ್ನು ಅಳಿಸಿ ಬರೆಯಲು ಫೈಲ್ ತೆರೆದ ಕೂಡಲೇ ಅದರ ಉದ್ದ ಸೊನ್ನೆಯಾಗುತ್ತದೆ. ಆಮೇಲೆ ತುಂಬುತ್ತಾ ಹೋಗುತ್ತದೆ. ನಡುವೆ ಬಂದು ಓದಿದವರಿಗೆ ಸಿಕ್ಕಿದ್ದಷ್ಟೇ.

ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುವಂತೆ ಎಲ್ಲರಿಗೂ ಲಾಕ್ ಹಾಕಬಹುದಿತ್ತು. ಆದರೆ ಫೈಲಿಗೆ ಲಾಕ್ ಹಾಕುವ ಎಫ್‌ಲಾಕ್ ಯಾರನ್ನೂ ಬಲವಂತವಾಗಿ ತಡೆಯುವುದಿಲ್ಲ, ಅದನ್ನು ಕೇಳುವ ಪ್ರೋಗ್ರಾಂಗೆ ಮಾತ್ರ ಅದು ಲಾಕ್. ಯಾವುದೋ ಹಳೆ ಸ್ಕ್ರಿಪ್ಟ್ ಕೇಳದೆ ಓದಿದರೆ ಮತ್ತೆ ಅದೇ ಗೋಳು, ಅಲ್ವಾ?

ಹಾಗಾಗಿ ಇರುವ ಫೈಲನ್ನು ಮುಟ್ಟುವುದನ್ನೇ ಬಿಟ್ಟೆ. ಹೊಸದನ್ನು ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆಯುತ್ತೇನೆ. ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿಸುತ್ತೇನೆ. ಆಮೇಲೆ ಹಳೆ ಹೆಸರಿಗೆ ರಿನೇಮ್. ಈ ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಆಗಲೇ ಫೈಲ್ ತೆರೆದಿದ್ದವರು ಹಳೆಯದನ್ನೇ ಕೊನೆವರೆಗೆ ಓದುತ್ತಾರೆ, ಆಮೇಲೆ ತೆರೆದವರಿಗೆ ಹೊಸದು ಸಿಗುತ್ತದೆ. ಅರ್ಧಂಬರ್ಧ ಯಾರಿಗೂ ಇಲ್ಲ. ಇದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ಏರ್ಪಾಡು.

ತಾತ್ಕಾಲಿಕ ಫೈಲ್ ಅದೇ ಡೈರೆಕ್ಟರಿಯಲ್ಲಿರಲಿ. ಟಿಎಂಪಿ ಡೈರೆಕ್ಟರಿ ಬೇರೆ ಫೈಲ್‌ಸಿಸ್ಟಂನಲ್ಲಿದ್ದರೆ ರಿನೇಮ್ ಸೋಲುತ್ತದೆ. ಫೈಲ್ ಸರಿಸುವ ಎಂವಿ ಕಮಾಂಡ್ ಆದರೆ ಸದ್ದಿಲ್ಲದೆ ಕಾಪಿ ಮಾಡಿಬಿಡುತ್ತದೆ, ಬಿಟ್ಟ ತೊಂದರೆ ಮತ್ತೆ ಒಳಗೆ ಬರುತ್ತದೆ. ತಾತ್ಕಾಲಿಕ ಫೈಲ್ ಮಾಡಿಕೊಡುವ ಎಂಕೆಎಸ್‌ಟೆಂಪ್‌ನಿಂದ ಮಾಡಿದ ಫೈಲಿನ ಪರ್ಮಿಷನ್ 0600 ಇರುತ್ತದೆ, ಅಂದರೆ ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅನುಮತಿ. ರಿನೇಮ್‌ಗೆ ಮೊದಲೇ ಅದನ್ನು ಸರಿಮಾಡದಿದ್ದರೆ ಬೇರೆ ಯೂಸರ್‌ಗಳಿಗೆ ಓದಲು ಆಗುವುದಿಲ್ಲ.

ತಿದ್ದುವವರು ಇಬ್ಬರಿದ್ದರೆ ಇಷ್ಟು ಸಾಲದು. ಇಬ್ಬರೂ ಹಳೆಯದನ್ನು ಓದಿ, ತಮ್ಮ ತಮ್ಮ ಬದಲಾವಣೆ ಸೇರಿಸಿ ಬರೆದರೆ ಮೊದಲಿನವರ ಕೆಲಸ ಮಾಯ. ಅವರ ನಡುವೆ ಲಾಕ್ ಬೇಕೇ ಬೇಕು, ಅದೂ ಬರೆಯುವ ಮುಂಚೆ ಅಲ್ಲ, ಓದುವ ಮುಂಚೆಯೇ. ಆ ಲಾಕನ್ನು ಜೇಸನ್ ಫೈಲಿನ ಮೇಲೆ ಹಾಕಬಾರದು. ರಿನೇಮ್ ಆದಮೇಲೆ ಅದೇ ಹೆಸರಿನಲ್ಲಿ ಬೇರೆಯೇ ಐನೋಡ್, ಅಂದರೆ ಹೆಸರಿನ ಹಿಂದಿರುವ ನಿಜವಾದ ಫೈಲ್, ಇರುತ್ತದೆ. ಒಬ್ಬರು ಹಳೆಯದಕ್ಕೆ, ಇನ್ನೊಬ್ಬರು ಹೊಸದಕ್ಕೆ ಲಾಕ್ ಹಾಕಿಕೊಂಡು ಒಟ್ಟಿಗೇ ಒಳಗೆ ಬರುತ್ತಾರೆ. ಅದಕ್ಕೇ ನಾನು ಒಂದು ಪ್ರತ್ಯೇಕ ಲಾಕ್ ಫೈಲ್ ಇಟ್ಟಿದ್ದೇನೆ. ಅದನ್ನು ಅಳಿಸುವುದೂ ಇಲ್ಲ, ಬದಲಿಸುವುದೂ ಇಲ್ಲ.

ಎರಡು ಮೂರು ಫೈಲುಗಳು ಒಟ್ಟಿಗೇ ಬದಲಾಗಬೇಕು ಅನ್ನುವಾಗ ಸುಮ್ನೆ ಒದ್ದಾಡುವುದಿಲ್ಲ, ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ಗೆ ಹೋಗುತ್ತೇನೆ. 2010ರಲ್ಲಿ ಬಂದ ಅದರ ವಾಲ್ (WAL, ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ) ಮೋಡ್‌ನಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನೂ ತಡೆಯುವುದಿಲ್ಲ. ಬರೆಯುವವರು ಮಾತ್ರ ಒಂದು ಸಲಕ್ಕೆ ಒಬ್ಬರೇ. ಡೇಟಾಬೇಸ್ ಫೈಲ್ ನೆಟ್‌ವರ್ಕ್ ಡ್ರೈವ್‌ನಲ್ಲಿದ್ದರೆ ಈ ಮೋಡ್ ಬಳಸಬೇಡಿ. ಅದು ಒಂದೇ ಯಂತ್ರದೊಳಗಿನ ಪ್ರೊಸೆಸ್‌ಗಳಿಗಾಗಿ ಮಾಡಿದ್ದು.